ನಮ್ಮ ಜಿಲ್ಲೆ ಮುಂಬಯಿಗೆ ಸೇರಿದ್ದೇಕೆ?

ಏಕೀಕರಣಕ್ಕೆ ಮೊದಲು ಉತ್ತರ ಕನ್ನಡ ಯಾವ ಪ್ರಾಂತ್ಯದಲ್ಲಿತ್ತು ಎಂದು ಕೇಳಿದರೆ ಹತ್ತನೆಯ ತರಗತಿಯ ಮಕ್ಕಳು ‘ಮುಂಬಯಿ’ ಎನ್ನುತ್ತಾರೆ. ಒಂದು ಅಂಕ ಸಿಗುತ್ತದೆ, ಪಾಠ ಮುಂದೆ ಹೋಗುತ್ತದೆ. ಬೋಧನಾಭ್ಯಾಸದಲ್ಲಿ ನಾನು ವೀಕ್ಷಿಸಿದ ಪಾಠಗಳಲ್ಲಿ ‘ಏಕೆ’ ಎಂಬ ಪ್ರಶ್ನೆ ಬರಲೇ ಇಲ್ಲ. ಅದು ಬರಬೇಕು ಎಂಬುದು ನನ್ನ ವಾದ.

ಸಿದ್ದಾಪುರದ ಮಕ್ಕಳಿಗೆ ಈ ಪ್ರಶ್ನೆ ಸಹಜವಾದದ್ದು. ಪಕ್ಕದ ಸಾಗರ ಮೈಸೂರು ಸಂಸ್ಥಾನದಲ್ಲಿತ್ತು, ಮಂಗಳೂರು ಮದ್ರಾಸಿಗೆ ಸೇರಿತ್ತು. ನಾವು ಮಾತ್ರ ಮುಂಬಯಿಗೆ ಹೋದದ್ದೇಕೆ?

1799ರಲ್ಲಿ ಟಿಪ್ಪುವಿನ ಪತನದ ನಂತರ ಕಂಪನಿಯ ವಶವಾದ ಕೆನರಾ, ಮದ್ರಾಸ್ ಪ್ರಾಂತ್ಯದ ಒಂದೇ ಜಿಲ್ಲೆಯಾಗಿತ್ತು. ಮುಂದೆ ಅದನ್ನು ಎರಡಾಗಿ ಒಡೆದು, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಸೇರಿಸಿದರು. ಇದರ ಹಿಂದೆ ಇದ್ದದ್ದು ಹತ್ತಿ. ಮ್ಯಾಂಚೆಸ್ಟರಿನ ಗಿರಣಿಗಳು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರು ಬೆಳೆದ ಹತ್ತಿಯನ್ನೇ ನೆಚ್ಚಿಕೊಂಡಿದ್ದವು. ಇನ್ನೊಂದು ಮೂಲ ಬೇಕೆಂದು 1840ರ ದಶಕದಲ್ಲೇ ಅಮೆರಿಕದ ಬೇಸಾಯಗಾರರನ್ನು ಕರೆಸಿ ಧಾರವಾಡದಲ್ಲಿ ಅಲ್ಲಿಯ ತಳಿ ಬಿತ್ತಿಸಿದರು. ಅದಕ್ಕೆ ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾಯಿತು. ಆ ಹತ್ತಿ ಹಡಗು ಹತ್ತಲು ಹತ್ತಿರದ ಬಂದರು ಕಾರವಾರ. ಧಾರವಾಡವಿದ್ದದ್ದು ಮುಂಬಯಿಯಲ್ಲಿ, ಕಾರವಾರ ಮದ್ರಾಸಿನಲ್ಲಿ. ರಸ್ತೆ, ಬಂದರು ಎರಡೂ ಒಂದೇ ಸರ್ಕಾರದ ಕೈಯಲ್ಲಿರಲಿ ಎಂದು ಹತ್ತಿ ವ್ಯಾಪಾರಿಗಳು ಒತ್ತಡ ತಂದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಲಿಂಕನ್ನರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಅವಸರ ಇನ್ನೂ ಹೆಚ್ಚಿತು. 1865ರಲ್ಲಿ ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಬರತೊಡಗಿತು. ನಾವು ಮಾತ್ರ 1956ರವರೆಗೆ ಮುಂಬಯಿಯಲ್ಲೇ ಉಳಿದೆವು.

ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ, ಪರೀಕ್ಷೆಗೆ ಬರುವುದನ್ನು ಮುಗಿಸಿದರೆ ಸಾಕು ಎನ್ನುವವರಿದ್ದಾರೆ. ಅವರ ಕಷ್ಟ ನಿಜವೇ. ಆದರೆ ಇದಕ್ಕೆ ಬೇಕಾದದ್ದು ಒಂದು ಪ್ರಪಂಚ ಭೂಪಟ ಮತ್ತು ಹತ್ತು ನಿಮಿಷ. ಕಾರಣ ತಿಳಿದ ಮಗು ಉತ್ತರವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

‘ಬ್ರಿಟಿಷ್ ಆಳ್ವಿಕೆಯ ಪರಿಣಾಮಗಳು’ ಪಾಠದಲ್ಲಿ ನಾವು ಕಂದಾಯ, ನ್ಯಾಯಾಂಗ, ಶಿಕ್ಷಣ ಎಂದು ಪಟ್ಟಿ ಬರೆಸುತ್ತೇವೆ. ದೂರದ ಲಾಭಕ್ಕಾಗಿ ಒಂದು ನಾಡಿನ ಗಡಿಯನ್ನೇ, ಅಲ್ಲಿಯ ಜನರನ್ನು ಕೇಳದೆ, ಬದಲಿಸಬಹುದಿತ್ತು ಎಂಬುದು ಆ ಪಟ್ಟಿಯಲ್ಲಿಲ್ಲ. ವಸಾಹತುಶಾಹಿ ಎಂದರೆ ಅದೇ. ಮುಂದಿನ ಪಾಠಯೋಜನೆಯಲ್ಲಿ ನ್ಯೂ ಆರ್ಲಿಯನ್ಸ್, ಮ್ಯಾಂಚೆಸ್ಟರ್, ಧಾರವಾಡ, ಕಾರವಾರಗಳನ್ನು ಮಕ್ಕಳೇ ಭೂಪಟದಲ್ಲಿ ಗುರುತಿಸಿ ಗೆರೆ ಎಳೆಯಲಿ. ನಮ್ಮ ಜಿಲ್ಲೆ ಮುಂಬಯಿಗೆ ಹೋದದ್ದೇಕೆ ಎಂದು ಆಮೇಲೆ ಕೇಳೋಣ.