ಮಾವನ ಮೋಟಾರ್ ಸೈಕಲ್ಲೂ ಹಿಂದಿನ ಆಸನವೂ

ಬಸ್ ಪಾಸಿನ ಹೊರತು ಬೇರಾವ ವಾಹನದ ಒಡೆತನವನ್ನೂ ಅರಿಯದ ವಿದ್ಯಾರ್ಥಿಯೊಬ್ಬನು ಭಾರಿ ಮೋಟಾರ್ ಸೈಕಲ್ಲೊಂದರ ಬಗೆಗೆ ಅಭಿಪ್ರಾಯ ಹೇಳಹೊರಟರೆ ಓದುಗರು ನಕ್ಕಾರು. ನಗಲಿ. ಇದು ಕೇಳದೆ ಹೇಳುವ ಅಭಿಪ್ರಾಯವಲ್ಲ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಮೂವತ್ತು ವರ್ಷಗಳಿಂದ ವೈದ್ಯರಾಗಿರುವ ನನ್ನ ಸೋದರಮಾವ ಕಳೆದ ದೀಪಾವಳಿಯಂದು ಫೋನ್ ಮಾಡಿ, “ಏನಯ್ಯಾ, ಮೂರು ಹೊತ್ತೂ ಮೋಟಾರಿನ ವಿಷಯವನ್ನೇ ಓದುತ್ತೀಯೆಂದು ನಿಮ್ಮಮ್ಮ ದೂರುತ್ತಾಳೆ. ಆ ಓದು ನನಗಾದರೂ ಉಪಯೋಗಕ್ಕೆ ಬರಲಿ. ಟ್ರಯಂಫ್ ರಾಕೆಟ್ ಕೊಳ್ಳಬೇಕೆಂದಿದ್ದೇನೆ. ರೋಡ್‌ಸ್ಟರೋ, ಟೂರಿಂಗೋ, ನೀನೇ ಹೇಳು” ಎಂದರು.

ಟ್ರಯಂಫ್ ಸಂಸ್ಥೆಯ ಕೇಂದ್ರ ಮಾವನ ಊರಿಗೆ ಸಮೀಪದ ಹಿಂಕ್ಲಿಯಲ್ಲಿದೆ. ರಾಕೆಟ್ ಮೊದಲು 2004ರಲ್ಲಿ 2,294 ಸಿ.ಸಿ. ಎಂಜಿನ್ನಿನೊಡನೆ ಬಂದಿತು, 2019ರಲ್ಲಿ ಹೊಸ ರೂಪ ತಾಳಿ 2,458 ಸಿ.ಸಿ. ಆಯಿತು. ಮಾವ ಮೈಸೂರಿನಲ್ಲಿ ಓದುವಾಗ ಓಡಿಸುತ್ತಿದ್ದುದು ಅದೇ ಊರಿನಲ್ಲಿ ತಯಾರಾದ 250 ಸಿ.ಸಿ. ವರ್ಗದ ಯೆಜ್ಡಿ. ಅಂದರೆ ಅವರೀಗ ಕೊಳ್ಳಹೊರಟಿರುವುದು ಹೆಚ್ಚುಕಡಿಮೆ ಹತ್ತು ಯೆಜ್ಡಿಗಳನ್ನು ಒಂದೇ ಸಲ!

ಇದರಲ್ಲಿ ‘ಆರ್’ ಎಂಬುದು ರೋಡ್‌ಸ್ಟರ್, ‘ಜಿ.ಟಿ.’ ಎಂಬುದು ಟೂರಿಂಗ್. 2024ರಲ್ಲಿ ಬಂದ ‘ಸ್ಟಾರ್ಮ್’ ಮಾದರಿಗಳನ್ನೇ ನೋಡೋಣ. ಎರಡಕ್ಕೂ ಒಂದೇ ಎಂಜಿನ್ನು, ಒಂದೇ 182 ಅಶ್ವಶಕ್ತಿ, ಒಂದೇ 18 ಲೀಟರಿನ ಪೆಟ್ರೋಲ್ ಟ್ಯಾಂಕು. ತೂಕವೂ ಎರಡರದು 300 ಕಿಲೋಗ್ರಾಂ ಮೀರಿದ್ದೇ. ಆದ್ದರಿಂದ ಯಾವುದು ಬಲಶಾಲಿ ಎಂಬ ಪ್ರಶ್ನೆಯೇ ಏಳುವುದಿಲ್ಲ. ವ್ಯತ್ಯಾಸವಿರುವುದು ಕೂರುವ ರೀತಿಯಲ್ಲಿ. ರೋಡ್‌ಸ್ಟರಿನಲ್ಲಿ ಪಾದಗಳು ಸವಾರನ ಕೆಳಗೇ ಇರುತ್ತವೆ. ಮೈ ತುಸು ಮುಂದೆ ಬಾಗುತ್ತದೆ. ಟೂರಿಂಗಿನಲ್ಲಿ ಪಾದಗಳು ಮುಂದಕ್ಕೆ ಚಾಚುತ್ತವೆ, ಹಿಡಿಕೆ ಸವಾರನ ಕಡೆಗೆ ಬರುತ್ತದೆ. ಆಸನದ ಎತ್ತರ ಮೊದಲನೆಯದರಲ್ಲಿ 773 ಮಿಲಿಮೀಟರು, ಎರಡನೆಯದರಲ್ಲಿ 750. ಮೇಲಾಗಿ, ಟೂರಿಂಗಿನಲ್ಲಿ ಹಿಂದೆ ಕೂರುವವರ ಬೆನ್ನಿಗೆ ಒಂದು ಒರಗು ಇದೆ.

ನನ್ನ ಮನಸ್ಸು ಮೊದಲು ಹಾರಿದ್ದು ರೋಡ್‌ಸ್ಟರಿನತ್ತಲೇ. ಇಪ್ಪತ್ತರ ಹರೆಯದವನಿಗೆ ಬೆನ್ನಿನ ಒರಗೇತಕ್ಕೆ? ಅದರ ಪರವಾಗಿ ನ್ಯಾಯವಾದ ಕಾರಣಗಳೂ ಇವೆ. ಪಾದಗಳು ಕೆಳಗಿದ್ದರೆ ಹಳ್ಳದಿಣ್ಣೆ ಬಂದಾಗ ಕಾಲೂರಿ ಸ್ವಲ್ಪ ಮೇಲೇಳಬಹುದು. ಮುಂದಕ್ಕೆ ಚಾಚಿದ್ದರೆ ಪೆಟ್ಟೆಲ್ಲ ನೇರವಾಗಿ ಬೆನ್ನುಹುರಿಗೆ. ಗಾಳಿಯ ಮಾತನ್ನೂ ಮರೆಯಬಾರದು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಮಡಿಯಾಗುತ್ತದೆ. ಇಂಗ್ಲೆಂಡಿನ ಹೆದ್ದಾರಿಯ ಮಿತಿಯಾದ ಗಂಟೆಗೆ 70 ಮೈಲಿಯಲ್ಲಿ ನೆಟ್ಟಗೆ ಕುಳಿತವನ ಎದೆ ಹಾಯಿಪಟವಾಗಿ, ತೋಳುಗಳು ಹಿಡಿಕೆಗೆ ಜೋತುಬೀಳಬೇಕಾಗುತ್ತದೆ. ಜಿ.ಟಿ.ಯ ಮುಂದಿರುವ ಪುಟ್ಟ ಗಾಳಿತಡೆಯಿಂದ ದೊಡ್ಡ ಪರಿಹಾರವನ್ನೇನೂ ನಿರೀಕ್ಷಿಸುವಂತಿಲ್ಲ. ನಮ್ಮ ತಾಲ್ಲೂಕಿನ ರಸ್ತೆಗಾದರೆ ನಾನು ಕಣ್ಣುಮುಚ್ಚಿ ರೋಡ್‌ಸ್ಟರ್ ಎನ್ನುತ್ತಿದ್ದೆ.

ಹಾಗೆಯೇ ಹೇಳಿಯೂ ಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಅತ್ತೆ ಫೋನ್ ತೆಗೆದುಕೊಂಡರು. “ನೋಡಪ್ಪಾ, ಮದುವೆಯಾದ ಹೊಸದರಲ್ಲಿ ಆ ಯೆಜ್ಡಿಯ ಹಿಂದೆ ಕೂತು ನಂಜನಗೂಡಿಗೆ ಹೋಗಿದ್ದೆ. ಇಲ್ಲಿಗೆ ಬಂದ ಮೇಲೆ ಸ್ಕಾಟ್ಲೆಂಡು ತೋರಿಸುತ್ತೇನೆಂದರು. ರಾತ್ರಿ ಪಾಳಿ, ಪರೀಕ್ಷೆ, ಮಕ್ಕಳ ಶಾಲೆ, ಎಲ್ಲಕ್ಕೂ ‘ಆಮೇಲೆ’ ಎಂದರು. ಈಗ ಬೈಕು ಬರುತ್ತದಂತೆ. ಹಿಂದಿನ ಒರಗನ್ನು ಕೇಳಿದರೆ ಅದಕ್ಕೂ ‘ಆಮೇಲೆ ಹಾಕಿಸಿದರಾಯಿತು’ ಅನ್ನುತ್ತಾರೆ.”

ಅತ್ತೆ ನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ. ಮಾವನಿಗೀಗ ಅರುವತ್ತು. ಅವರ ಕಣ್ಣಮುಂದಿರುವ ಚಿತ್ರದಲ್ಲಿ ಯೆಜ್ಡಿಯ ಮೇಲಿನ ಇಪ್ಪತ್ತೆರಡರ ಯುವಕನೊಬ್ಬನೇ ಇದ್ದಾನೆ. ಹಿಂದೆ ಯಾರೂ ಇಲ್ಲ. ರೋಡ್‌ಸ್ಟರನ್ನು ಕೊಳ್ಳುವವನು ಆ ಯುವಕ. ಓಡಿಸಬೇಕಾದವರೋ, ಮೆಟ್ಟಿಲಿಳಿಯುವಾಗ ಮಂಡಿ ಹಿಡಿದುಕೊಳ್ಳುವ ನನ್ನ ಮಾವ. 300 ಕಿಲೋ ಮೀರಿದ ಯಂತ್ರ ನಿಂತಲ್ಲೇ ವಾಲಿದಾಗ ಆಸನ ಎರಡು ಸೆಂಟಿಮೀಟರಿನಷ್ಟು ತಗ್ಗಿದ್ದರೆ, ಎತ್ತರವೇನೂ ಇಲ್ಲದ ಅವರ ಪಾದಕ್ಕೆ ನೆಲ ಭದ್ರವಾಗಿ ಸಿಕ್ಕುತ್ತದೆ. ಕಾಲು ಚಾಚಿದರೆ ಮಂಡಿಗೂ ಹಿತ. ಗಾಳಿಗೆ ಮದ್ದು ಬೇರೆ ಇದೆ: ನಿಧಾನವಾಗಿ ಹೋಗುವುದು. ಸ್ಕಾಟ್ಲೆಂಡಿಗೆ ಹೋಗುವವರಿಗೆ ಅವಸರವಾದರೂ ಏನು?

ಆದ್ದರಿಂದ ನನ್ನ ಅಭಿಪ್ರಾಯ ಟೂರಿಂಗಿನ ಕಡೆಗೇ. ಟೂರಿಂಗೇ ಶ್ರೇಷ್ಠವೆಂದಲ್ಲ, ಎಂಜಿನ್ನು ಒಂದೇ ಆದಾಗ, ಯಾರ ಜೊತೆ ಯಾವ ದಾರಿಯಲ್ಲಿ ಹೋಗುತ್ತೇವೆಂಬುದೇ ಆಯ್ಕೆಯನ್ನು ತೀರ್ಮಾನಿಸಬೇಕು. ಒಂಟಿಯಾಗಿ ತಿರುವು ತಿರುವಿನ ರಸ್ತೆಯಲ್ಲಿ ಸಂತೋಷಪಡುವವರು ಧಾರಾಳವಾಗಿ ರೋಡ್‌ಸ್ಟರ್ ಕೊಳ್ಳಲಿ. ಆದರೆ ಜೊತೆಗೊಬ್ಬರನ್ನು ಕರೆದೊಯ್ಯುವೆನೆಂದು ಮಾತು ಕೊಟ್ಟವರು ಮೊದಲು ಹಿಂದಿನ ಆಸನವನ್ನು ನೋಡಲಿ, ಆಮೇಲೆ ಮುಂದಿನದನ್ನು.

ಇದನ್ನೇ ಮಾವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನೂ ನಿಮ್ಮತ್ತೆಯ ಪಕ್ಷವೇ” ಎಂದರು. ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವ ಹೊತ್ತಿಗೆ ಅವರಿನ್ನೂ ನಿರ್ಧರಿಸಿಲ್ಲ. ಆದರೆ ಬರುವ ಶನಿವಾರ ಅಂಗಡಿಗೆ ಅತ್ತೆಯನ್ನೂ ಕರೆದುಕೊಂಡು ಹೋಗುತ್ತಾರಂತೆ.