ನಾಮಿನೇಷನ್‌ಗೆ ಮೂರೇ ದಿನ: ಕಲಿಯುವ ಕೆಲಸ ಇವತ್ತೇ ಶುರುವಾಗಲಿ

ಉರುಕುಂದ, ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರವಿ ಭಾಗದ ಅವ್ವಂದಿರೇ, ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ಕಳೆದ ಪಂಚಾಯಿತಿ ಚುನಾವಣೆಯನ್ನು ನೆನಪು ಮಾಡಿಕೊಳ್ಳಿ. 2021ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶದಲ್ಲಿ ನಾಲ್ಕು ಹಂತದಲ್ಲಿ ಮತದಾನ ನಡೆಯಿತು. ಮೊದಲ ಹಂತದಲ್ಲಿ ಜನವರಿ 29ರಿಂದ 31ರವರೆಗೆ ನಾಮಿನೇಷನ್, ಫೆಬ್ರವರಿ 9ಕ್ಕೆ ಓಟು. ಅರ್ಜಿ ಹಾಕಲು ಸಿಕ್ಕಿದ್ದು ಮೂರೇ ದಿನ. ಮತದಾನದ ದಿನ ಮಧ್ಯಾಹ್ನ ಮೂರೂವರೆಗೆ ಪೆಟ್ಟಿಗೆ ಮುಚ್ಚಿ, ನಾಲ್ಕಕ್ಕೆ ಎಣಿಕೆ ಶುರುವಾಯಿತು. ಫಲಿತಾಂಶದ ಬೆನ್ನಿಗೇ, ಗೆದ್ದ ಮೆಂಬರ್‌ಗಳು ಕೂತು ಉಪಸರ್ಪಂಚರನ್ನು ಆರಿಸಬೇಕಾಯಿತು. ಇಷ್ಟು ವೇಗವಾಗಿ ಸಾಗುವ ಚುನಾವಣೆಯಲ್ಲಿ ಕಾಗದ ಹೊಂದಿಸಲು, ನಿಯಮ ತಿಳಿಯಲು, ಓಣಿಯವರ ಮಾತು ಕೇಳಲು ಹೊತ್ತು ಎಲ್ಲಿಂದ ಬರಬೇಕು? ಮೊದಲೇ ಎಲ್ಲ ತಿಳಿದ ನಾಲ್ಕು ಮನೆಯವರು ಮಾತ್ರ ನಿಲ್ಲುತ್ತಾರೆ. ಉಳಿದವರು ಓಟು ಹಾಕಿ ಮನೆಗೆ ಬರುತ್ತಾರೆ.

ಆಗ ಆರಿಸಿ ಬಂದವರ ಐದು ವರ್ಷ 2026ಕ್ಕೆ ತುಂಬುವ ಲೆಕ್ಕ. ಮುಂದಿನ ಚುನಾವಣೆಗೆ ನಿಲ್ಲಬೇಕೆಂಬ ಆಸೆ ಯಾರ ಮನಸ್ಸಿನ ಮೂಲೆಯಲ್ಲಾದರೂ ಇದ್ದರೆ, ಈ ಕರಪತ್ರ ಅವರಿಗಾಗಿ. ಅಧಿಸೂಚನೆಯನ್ನು ಕಾಯುತ್ತ ಕೂರಬೇಡಿ.

ಗೆದ್ದ ಮೇಲೆ ಸರ್ಕಾರ ತರಬೇತಿ ಕೊಡುತ್ತದೆ. ನಿಲ್ಲುವ ಮೊದಲಿನ ತರಬೇತಿಯನ್ನು ನಾವು ನಾವೇ ಕೊಟ್ಟುಕೊಳ್ಳಬೇಕು, ಅದೂ ನಮಗೆ ತಿಳಿಯುವ ಮಾತಿನಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಬದಲಾದರೂ ಮನೆಯೊಳಗಿನ ಮಾತು ಬದಲಾಗಲಿಲ್ಲ. ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಯ ಸನ್ನಿಧಿಗೆ ಕರ್ನಾಟಕದಿಂದ ಬರುವ ಭಕ್ತರೊಡನೆ ನಾವು ಕನ್ನಡದಲ್ಲೇ ಮಾತಾಡುತ್ತೇವೆ. ಆದರೆ ನಾಮಪತ್ರ ತೆಲುಗಿನಲ್ಲಿದೆ, ಸೂಚನೆ ತೆಲುಗಿನಲ್ಲಿದೆ. ಕನ್ನಡ ಶಾಲೆಯಲ್ಲಿ ಓದಿದ ತಂಗಿಯೊಬ್ಬಳು ಅದನ್ನು ಯಾರದೋ ಕೈಯಲ್ಲಿ ತುಂಬಿಸಿ, ಏನು ಬರೆದಿದೆ ಎಂದು ತಿಳಿಯದೆ ಸಹಿ ಹಾಕುವ ಸ್ಥಿತಿ ಬರಬಾರದು. ತೆಲುಗಿನ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ, ಅದು ನಮ್ಮ ನೆರೆಮನೆಯ ಮಾತು, ಕಲಿಯಲೂ ಬೇಕು. ಆದರೆ ತಾಲ್ಲೂಕು ಮಟ್ಟದಲ್ಲಿ ಭಾಷಾ ಅಲ್ಪಸಂಖ್ಯಾತರು ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಇದ್ದಲ್ಲಿ ಮುಖ್ಯ ನಿಯಮ, ನೋಟಿಸುಗಳು ಅವರ ಭಾಷೆಯಲ್ಲೂ ಬರಬೇಕೆಂಬ ರಕ್ಷಣೆಯನ್ನು ದೇಶ 1956ರಲ್ಲೇ ಒಪ್ಪಿಕೊಂಡಿದೆ. ಅಭ್ಯರ್ಥಿಗಳ ಕೈಪಿಡಿ ಕನ್ನಡದಲ್ಲೂ ಬೇಕೆಂದು ಊರೂರಿನಿಂದ ಮಂಡಲ ಕಚೇರಿಗೆ, ರಾಜ್ಯ ಚುನಾವಣಾ ಆಯೋಗಕ್ಕೆ ಅರ್ಜಿ ಹೋಗಲಿ. ಅರ್ಜಿ ಕೊಟ್ಟು ಅದರ ರಸೀದಿ ಇಟ್ಟುಕೊಳ್ಳುವುದೇ ಮೊದಲ ಪಾಠವಾಗಲಿ.

ಇನ್ನು ಯಾರು ನಿಲ್ಲಬಹುದು? ಇಪ್ಪತ್ತೊಂದು ವರ್ಷ ತುಂಬಿರಬೇಕು, ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ: ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದರೆ ನಿಲ್ಲುವಂತಿಲ್ಲ ಎಂಬ ನಿಯಮವನ್ನು ಆಂಧ್ರ ವಿಧಾನಸಭೆ 2024ರ ನವೆಂಬರ್‌ನಲ್ಲಿ ತೆಗೆದುಹಾಕಿದೆ. ಮೂರನೇ ಮಗುವಿನ ಕಾರಣಕ್ಕೆ ಹಿಂದೆ ಸರಿದ ಎಷ್ಟೋ ಬಡವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಈ ಸುದ್ದಿ ಇನ್ನೂ ಮುಟ್ಟಿಲ್ಲ. ದಯವಿಟ್ಟು ಮುಟ್ಟಿಸಿ. ಪಂಚಾಯಿತಿಗೆ ಕಟ್ಟಬೇಕಾದ ಮನೆ ಕಂದಾಯದ ಬಾಕಿ ಇದ್ದರೆ ಈಗಲೇ ಕಟ್ಟಿ ರಸೀದಿ ಇಡಿ. ಪಂಚಾಯಿತಿಯ ಕಾಮಗಾರಿ ಗುತ್ತಿಗೆ ಹಿಡಿದವರು ಅದು ಕೈಯಲ್ಲಿರುವಾಗ ನಿಲ್ಲುವಂತಿಲ್ಲ. ಜಾತಿಗೆ ಮೀಸಲಾದ ವಾರ್ಡಿಗೆ ಜಾತಿ ಪ್ರಮಾಣಪತ್ರ ಬೇಕು. ವಾರ್ಡಿಗೆ ನಿಲ್ಲುವವರ ಸೂಚಕರು ಅದೇ ವಾರ್ಡಿನ ಮತದಾರರಾಗಿರಬೇಕು. ಎಷ್ಟೋ ಅರ್ಜಿಗಳು ಬಿದ್ದುಹೋಗುವುದು ಇಂಥ ಸಣ್ಣ ತಪ್ಪುಗಳಿಂದಲೇ.

ಸಿರುಗುಪ್ಪದ ಕಡೆ ನೆಂಟರಿರುವವರು ಒಂದು ವ್ಯತ್ಯಾಸ ಗಮನಿಸಿ. ಕರ್ನಾಟಕದಲ್ಲಿ ಗೆದ್ದ ಸದಸ್ಯರು ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ. ಇಲ್ಲಿ ಸರ್ಪಂಚರನ್ನು ಜನರೇ ನೇರವಾಗಿ ಆರಿಸುತ್ತಾರೆ, ಒಬ್ಬೊಬ್ಬ ಮತದಾರನಿಗೂ ಎರಡೆರಡು ಓಟು: ಸರ್ಪಂಚರಿಗೊಂದು, ವಾರ್ಡ್ ಮೆಂಬರ್‌ಗೊಂದು. ಅಲ್ಲಿನದು 1993ರ ಕಾಯ್ದೆ, ಇಲ್ಲಿನದು 1994ರದು. ಆದರೂ ಅಲ್ಲಿಂದ ಕಲಿಯುವುದು ಬಹಳ ಇದೆ. ನಜೀರ್ ಸಾಬರು ಅಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲದಲ್ಲಿ, 1987ರ ಚುನಾವಣೆಯಲ್ಲೇ, ಕರ್ನಾಟಕ ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಣ್ಣುಮಕ್ಕಳಿಗೆ ಕೊಟ್ಟಿತ್ತು. ಇಡೀ ದೇಶಕ್ಕೆ ಅಂಥ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ನಜೀರ್ ಸಾಬರ ಹೆಸರಿನ ಮೈಸೂರಿನ ಸಂಸ್ಥೆ ಪಂಚಾಯಿತಿ ಸದಸ್ಯರಿಗೆ ಕನ್ನಡದಲ್ಲಿ ತರಬೇತಿ ಕೊಡುತ್ತ ಬಂದಿದೆ. ಗ್ರಾಮಸಭೆ ನಡೆಸುವುದು, ಲೆಕ್ಕ ಓದುವುದು ಹೇಗೆಂದು ಅಲ್ಲಿನ ಪುಸ್ತಕಗಳಿಂದ ಕಲಿಯಬಹುದು. ಕಾಯ್ದೆ ಮಾತ್ರ ನಮ್ಮದನ್ನೇ ಓದಬೇಕು.

ಅಕ್ಕ-ತಂಗಿಯರೇ, ನಿಮಗೆ ಬೇರೆಯಾಗಿ ಹೇಳಬೇಕು. ಈ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ನಿಮ್ಮದು. ಹೆಸರು ನಿಮ್ಮದು, ಕುರ್ಚಿ ಗಂಡನದು, ಮಾತು ಮೈದುನನದು ಎಂಬ ಪದ್ಧತಿ ಎಲ್ಲೆಲ್ಲಿ ನಡೆದಿದೆಯೋ ಅಲ್ಲಿ ಮೊದಲು ಕೆಡುವುದು ನಲ್ಲಿ, ಚರಂಡಿ, ಶೌಚಾಲಯದ ಕೆಲಸ. ಯಾಕೆಂದರೆ ಅದರ ಕಷ್ಟ ಗೊತ್ತಿರುವವರು ಸಭೆಯಲ್ಲಿ ಇರುವುದೇ ಇಲ್ಲ. ಮೀಸಲಾತಿ ಪ್ರಕಟವಾದ ರಾತ್ರಿ ಯಾರದೋ ಮನೆಯ ಸೊಸೆಯ ಹೆಸರು ಹುಡುಕುವ ಬದಲು, ಇವತ್ತೇ ಸ್ವಸಹಾಯ ಸಂಘದ ಸಭೆಯಲ್ಲಿ ಕೇಳಿ: ನಮ್ಮಲ್ಲಿ ಯಾರು ನಿಲ್ಲುತ್ತೀರಿ? ಸಂಘದ ಪುಸ್ತಕ ಬರೆದು, ಬ್ಯಾಂಕಿನಲ್ಲಿ ಸಾಲದ ಲೆಕ್ಕ ಮಾತಾಡಿ ಬಂದವಳಿಗೆ ಪಂಚಾಯಿತಿಯ ಲೆಕ್ಕ ಕಷ್ಟವಾಗದು.

ಆ ಲೆಕ್ಕವೇ ನಮ್ಮ ಕಲಿಕೆಯ ಬಹುಪಾಲು ಆಗಬೇಕೆಂದು ನನ್ನ ಹಟ. ಭಾಷಣ ಕಲಿಸುವವರು ಬಹಳ ಜನ ಇದ್ದಾರೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 2026ರವರೆಗೆ ನೂರಕ್ಕೆ ಅರವತ್ತು ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ನಲವತ್ತನ್ನು ಊರಿನ ಅಗತ್ಯಕ್ಕೆ ಬಳಸಬಹುದು, ಸಂಬಳಕ್ಕೆ ಬಳಸುವಂತಿಲ್ಲ. ನಮ್ಮ ಪಂಚಾಯಿತಿಯಲ್ಲಿ ಆ ಅರವತ್ತು ಎಲ್ಲಿಗೆ ಹೋಯಿತು? ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಯೋಜನೆ, ಖರ್ಚು ಎರಡೂ ಸಿಗುತ್ತವೆ, ಫೋನ್ ಇರುವ ಯಾರಾದರೂ ತೆರೆದು ನೋಡಬಹುದು. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಕಾಲ. ಅದರ ನಿಯಮವನ್ನು ನಿಲ್ಲುವವರೆಲ್ಲ ಓದಿಕೊಂಡಿರಬೇಕು. ಶ್ರಾವಣದ ಒಂದು ತಿಂಗಳು ಉರುಕುಂದಕ್ಕೆ ಬಂದು ಹೋಗುವ ಜನಸಾಗರಕ್ಕೆ ನೀರು, ಶೌಚ, ಕಸದ ವ್ಯವಸ್ಥೆ ಹೇಗಿರಬೇಕು, ಅದರಲ್ಲಿ ದೇವಸ್ಥಾನದ ಪಾಲೆಷ್ಟು, ಪಂಚಾಯಿತಿಯ ಪಾಲೆಷ್ಟು ಎಂದು ಕೇಳುವ ಮೆಂಬರ್ ನಮಗೆ ಬೇಕು. ಅಂಥವರನ್ನು ತಯಾರು ಮಾಡಲು ನಾವು ಕೂಡಬೇಕು.

2024ರ ಆಗಸ್ಟ್ 23ರಂದು ರಾಜ್ಯದ 13,326 ಪಂಚಾಯಿತಿಗಳಲ್ಲೂ ಒಂದೇ ದಿನ ಗ್ರಾಮಸಭೆ ನಡೆಯಿತು. ಆ ದಿನ ನಿಮ್ಮ ಊರಿನಲ್ಲಿ ಬರೆದ ನಿರ್ಣಯಗಳನ್ನು ಕೇಳಿ ಪಡೆಯಿರಿ. ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಗುರುತು ಹಾಕಿ. ಅಭ್ಯರ್ಥಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಇಲ್ಲ.

ಹಿರಿಯರ ಹತ್ತಿರ ಒಂದು ಬೇಡಿಕೆ. ಎಲ್ಲರೂ ಒಪ್ಪಿ ಒಬ್ಬರನ್ನು ಅವಿರೋಧವಾಗಿ ಆರಿಸಿದರೆ ಸಂತೋಷ. ಆದರೆ ಗುಡಿಯ ಕಟ್ಟೆಯಲ್ಲಿ ಸ್ಥಾನವನ್ನು ಹರಾಜು ಹಾಕಬೇಡಿ. 2020ರ ಡಿಸೆಂಬರ್‌ನಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಿಂದ ಅಂಥ ಸುದ್ದಿ ಬಂದಾಗ ನಾವೆಲ್ಲ ತಲೆ ತಗ್ಗಿಸಿದ್ದೇವೆ. ಲಕ್ಷ ಕೊಟ್ಟು ಕೊಂಡವನು ಆ ಲಕ್ಷವನ್ನು ನಮ್ಮ ನೀರಿನ ದುಡ್ಡಿನಲ್ಲೇ ಹುಡುಕುತ್ತಾನೆ. ಹಣ, ಹೆಂಡ ಹಂಚಿದರೆ ಜೈಲು, ಗೆದ್ದ ಮೇಲೂ ಅನರ್ಹತೆ ಎಂದು ಆಂಧ್ರ 2020ರಲ್ಲಿ ಕಾಯ್ದೆಯನ್ನು ಬಿಗಿ ಮಾಡಿದೆ. ಖರ್ಚಿಗೂ ಮಿತಿ ಇದೆ. ಫಲಿತಾಂಶ ಬಂದ 45 ದಿನದೊಳಗೆ ಲೆಕ್ಕ ಕೊಡಬೇಕು, ಸೋತವರೂ ಕೊಡಬೇಕು. ಕೊಡದಿದ್ದರೆ ಅನರ್ಹತೆ ಬರಬಹುದು. ಆದ್ದರಿಂದ ಚಹಾದ ಚೀಟಿಯನ್ನೂ ಬಿಸಾಡದೆ ಇಡುವುದನ್ನು ಕಲಿಯೋಣ.

ಕಲಿಕೆ ಹೇಗೆ? ದೊಡ್ಡ ಸಭೆ, ಶಾಮಿಯಾನ ಬೇಡ. ಊರಿಗೊಂದು ಗುಂಪು, ವಾರಕ್ಕೊಂದು ಸಂಜೆ, ಹೊಲದ ಕೆಲಸ ಮುಗಿದ ಮೇಲೆ. ಮೊದಲ ಸಂಜೆ ಹಳೆಯ ನಾಮಪತ್ರವೊಂದನ್ನು ಎದುರಿಗಿಟ್ಟು ಸಾಲು ಸಾಲಾಗಿ ಕನ್ನಡದಲ್ಲಿ ಓದಿ, ಎಲ್ಲರೂ ಒಂದೊಂದು ತುಂಬಿ. ಒಬ್ಬರು ಅಧಿಕಾರಿಯಾಗಿ ಕೂತು ತಪ್ಪು ಹಿಡಿಯಲಿ. ಮುಂದಿನ ವಾರ ನಿಮ್ಮ ವಾರ್ಡಿನ ಪ್ರತಿ ಓಣಿ ನಡೆದು ಬನ್ನಿ: ಯಾವ ನಲ್ಲಿಗೆ ನೀರಿಲ್ಲ, ಯಾವ ಕಂಬದಲ್ಲಿ ದೀಪವಿಲ್ಲ, ಬರೆದುಕೊಳ್ಳಿ. ಆಮೇಲೆ ಗ್ರಾಮಸಭೆಯ ಅಭ್ಯಾಸ ಮಾಡಿ. ಮಾತಾಡಲು ಅಂಜುವವರಿಗೇ ಮೊದಲ ಸರದಿ ಕೊಡಿ. ಎಣಿಕೆಯ ಮೇಜಿನ ಬಳಿ ಏಜೆಂಟ್ ಏನು ನೋಡಬೇಕೆಂಬುದಕ್ಕೂ ಒಂದು ಸಂಜೆ ಇರಲಿ. ನಿವೃತ್ತ ಮೇಷ್ಟ್ರುಗಳೇ, ಮಾಜಿ ಮೆಂಬರ್‌ಗಳೇ, ತೆಲುಗು-ಕನ್ನಡ ಎರಡೂ ಬಲ್ಲ ಹುಡುಗ-ಹುಡುಗಿಯರೇ, ಕಲಿಸಲು ನೀವು ಬರಬೇಕು.

ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರನ್ನು ಮರೆಯಬೇಡಿ. ಪಂಚಾಯಿತಿಯ ವಾರ್ಡುವಾರು ಪಟ್ಟಿ ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯಿಂದ. ಅಲ್ಲಿ ಹೆಸರು ಬಿಟ್ಟುಹೋದರೆ ಇಲ್ಲಿಯೂ ಬಿಟ್ಟುಹೋಗುತ್ತದೆ. ಓಟೂ ಇಲ್ಲ, ನಿಲ್ಲುವ ಹಕ್ಕೂ ಇಲ್ಲ. ಈ ವಾರವೇ ಅವರಿಗೆ ಫೋನ್ ಮಾಡಿ, ಪಟ್ಟಿಯಲ್ಲಿ ಹೆಸರು ನೋಡಿ. ಇಲ್ಲದಿದ್ದರೆ ಸೇರಿಸುವ ಅರ್ಜಿ ಹಾಕಿಸಿ. ಬರುವ ಭಾನುವಾರ ಸಂಜೆ ನಿಮ್ಮ ಊರಿನ ಕಟ್ಟೆಗೆ ಆಧಾರ್, ಮತದಾರರ ಗುರುತಿನ ಚೀಟಿ, ಮನೆ ಕಂದಾಯದ ರಸೀದಿ, ಒಂದು ನೋಟುಬುಕ್ಕು ಹಿಡಿದು ಬನ್ನಿ. ಬರುವಾಗ ಪಕ್ಕದ ಮನೆಯ ಒಬ್ಬ ಹೆಣ್ಣುಮಗಳನ್ನೂ ಕರೆತನ್ನಿ.