ಹೆಸರು ಕುಲಕರ್ಣಿ, ಲೆಕ್ಕ ಬರೆಯೋರು ಬೇರೆ!

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕುಲಕರ್ಣಿ ಮನೆತನಗಳು ಬಹಳ. ಮುಂಬಯಿ ಸರ್ಕಾರದ 1950ರ ಕಾಯ್ದೆ ಕುಲಕರ್ಣಿ ವತನ ತೆಗೆದುಹಾಕಿತು. ಊರ ಲೆಕ್ಕ ಬರೆಯೋ ಕೆಲಸ ಹೋಯ್ತು, ಅಡ್ಡಹೆಸರು ಉಳೀತು.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಅರ್ಜಿ ಹಾಕೋ ನಮ್ಮ ಹುಡುಗರು ಇದನ್ನ ನೆನಪಿಡಬೇಕು. ಅಲ್ಲಿ 2022ರ ನವೆಂಬರ್‌ನಿಂದ ಉದ್ಯೋಗಕ್ಕೊಂದು ಐದಂಕಿಯ ಎನ್‌ಓಸಿ ಕೋಡ್ (ನಮ್ಮ ಪಂಚಾಯ್ತಿ ಎನ್‌ಓಸಿ ಅಲ್ರಿ!). ಸಾಫ್ಟ್‌ವೇರ್ ಇಂಜಿನಿಯರ್ 21231, ಪ್ರೋಗ್ರಾಂ ಬರೆಯೋ ಡೆವಲಪರ್ 21232, ಟೆಸ್ಟಿಂಗ್ ಟೆಕ್ನಿಷಿಯನ್ 22222. ಕಾರ್ಡಿನ ಮೇಲೆ 'ಇಂಜಿನಿಯರ್' ಅಂತಿದ್ದರೆ ಸಾಲದು. ಅಧಿಕಾರಿ ನೋಡೋದು ಕಂಪನಿ ಪತ್ರದಲ್ಲಿರೋ ದಿನನಿತ್ಯದ ಕೆಲಸ.

ಏಜೆಂಟ್ "ಈ ಕೋಡ್ ಹಾಕ್ರಿ, ಲಗೂ ಆಗ್ತೈತಿ" ಅಂದರೂ ಸಹಿ ನಿಮ್ಮದೇ. ಸುಳ್ಳು ಅಂತ ತೀರ್ಮಾನವಾದರೆ ಐದು ವರ್ಷ ಬಾಗಿಲು ಬಂದ್. ಮೊದಲು ಮಾಡಿದ ಕೆಲಸ ಪಟ್ಟಿ ಮಾಡಿ, ಆಮೇಲೆ ಕೋಡ್ ಹುಡುಕಿ. ಏನಂತೀರಿ?